‘ಹೈರಾರ್ಕಿ’: ಒಂದು ಪದ, ಹಲವು ಬಗೆಯ ಮೆಟ್ಟಿಲುಗಳು

ಇಂಗ್ಲಿಷಿನ ‘ಹೈರಾರ್ಕಿ’ ಎಂಬ ಪದದ ಅರ್ಥ, ಮೂಲ ಮತ್ತು ಬಳಕೆಯನ್ನು ಕುರಿತು ಓದುಗರಿಂದ ಬಂದಿರುವ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಕೂಡಿಸಿ, ಉತ್ತರ ಮರುಕಳಿಸದಂತೆ ನೋಡಿಕೊಂಡಿದ್ದೇವೆ.

ಪ್ರಶ್ನೆ: ನಾನು ಪಠ್ಯಗಳನ್ನು ಅನುವಾದಿಸುವ ಕೆಲಸ ಮಾಡುತ್ತೇನೆ. ‘ಹೈರಾರ್ಕಿ’ ಎಂಬುದಕ್ಕೆ ನನ್ನ ಬಳಿಯ ನಿಘಂಟು ‘ಶ್ರೇಣಿ ವ್ಯವಸ್ಥೆ’ ಎಂದು ಕೊಡುತ್ತದೆ. ಆಡಳಿತದ ಬರಹದಲ್ಲಿ ಅದು ಹೊಂದಿಕೊಳ್ಳುತ್ತದೆ. ಜೀವವಿಜ್ಞಾನದಲ್ಲೋ ಕಂಪ್ಯೂಟರ್ ವಿಷಯದಲ್ಲೋ ಅದೇ ಪದ ಬಂದಾಗ ಮಾತ್ರ ವಾಕ್ಯ ತೊಡರುತ್ತದೆ. ಈ ಪದಕ್ಕೆ ಎಲ್ಲ ಕಡೆಯೂ ಒಂದೇ ಅರ್ಥವಿದೆಯೇ?

ಉತ್ತರ: ಸ್ಥೂಲವಾಗಿ ನೋಡಿದರೆ ಒಂದೇ; ಬಳಕೆಗೆ ಇಳಿದರೆ ಒಂದಲ್ಲ. ಒಂದು ಸಮೂಹಕ್ಕೆ ಸೇರಿದ ವ್ಯಕ್ತಿಗಳನ್ನಾಗಲಿ, ವಸ್ತುಗಳನ್ನಾಗಲಿ, ವಿಚಾರಗಳನ್ನಾಗಲಿ ಒಂದರ ಮೇಲೊಂದು ಬರುವ ಹಂತಗಳಲ್ಲಿ ಜೋಡಿಸಿದ ವ್ಯವಸ್ಥೆಯನ್ನು ಇಂಗ್ಲಿಷಿನಲ್ಲಿ ಹೈರಾರ್ಕಿ ಎಂದು ಕರೆಯುತ್ತಾರೆ. ನಿಘಂಟು ಇಷ್ಟನ್ನು ಹೇಳಿ ನಿಲ್ಲುತ್ತದೆ. ಮೇಲಿನ ಹಂತಕ್ಕೂ ಕೆಳಗಿನ ಹಂತಕ್ಕೂ ಇರುವ ಸಂಬಂಧ ಎಂಥದು ಎಂಬ ಪ್ರಶ್ನೆಯನ್ನು ಅದು ಓದುಗರಿಗೇ ಬಿಡುತ್ತದೆ, ಮತ್ತು ತಮ್ಮ ವಾಕ್ಯಗಳು ತೊಡರುವುದು ಸರಿಯಾಗಿ ಆ ಜಾಗದಲ್ಲೇ.

ಮೊದಲನೆಯದು ಅಧಿಕಾರದ ಸಂಬಂಧ. ಸೈನ್ಯ, ಸರ್ಕಾರಿ ಇಲಾಖೆ, ದೊಡ್ಡ ಕಂಪನಿ, ಮಠ ಅಥವಾ ಚರ್ಚಿನ ಆಡಳಿತ ಇವೆಲ್ಲ ಇಲ್ಲಿಗೆ ಸೇರುತ್ತವೆ. ಆದೇಶ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ವರದಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಒಬ್ಬರ ತೀರ್ಮಾನವನ್ನು ಅವರಿಗಿಂತ ಮೇಲಿನವರು ಬದಲಿಸಬಹುದು. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ (1864–1920) ಆಧುನಿಕ ಅಧಿಕಾರಶಾಹಿಯ ಲಕ್ಷಣಗಳನ್ನು ವಿವರಿಸುವಾಗ, ಹುದ್ದೆಗಳು ಹೀಗೆ ಮೇಲು-ಕೆಳಗಿನ ಕ್ರಮದಲ್ಲಿ ನಿಂತು ಕೆಳಗಿನದು ಮೇಲಿನದರ ಮೇಲ್ವಿಚಾರಣೆಗೆ ಒಳಪಡುವುದನ್ನು ಮುಖ್ಯ ಲಕ್ಷಣಗಳಲ್ಲಿ ಒಂದಾಗಿ ಎಣಿಸಿದರು. ಇಲ್ಲಿ ಹೈರಾರ್ಕಿಯೂ ಅಧಿಕಾರಶಾಹಿಯೂ ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು. ಲಿಖಿತ ನಿಯಮ, ಕಡತ, ಅರ್ಹತೆಯ ಮೇಲೆ ನೇಮಕ ಮುಂತಾದ ಹಲವು ಅಂಗಗಳಿರುವ ಅಧಿಕಾರಶಾಹಿಯಲ್ಲಿ ಹೈರಾರ್ಕಿ ಒಂದು ಅಂಗ ಮಾತ್ರ. ಕಡತವೇ ಇಲ್ಲದ ದರೋಡೆಕೋರರ ಗುಂಪಿನಲ್ಲೂ ಹೈರಾರ್ಕಿ ಇರಬಹುದು.

ಎರಡನೆಯದು ಒಳಗೊಳ್ಳುವ ಸಂಬಂಧ. ಹುಲಿಯ ವೈಜ್ಞಾನಿಕ ಸ್ಥಾನವನ್ನೇ ತೆಗೆದುಕೊಳ್ಳಿ. ಟೈಗ್ರಿಸ್ ಎಂಬ ಪ್ರಭೇದ ಪ್ಯಾಂಥೆರಾ ಕುಲದೊಳಗೆ ಬರುತ್ತದೆ. ಆ ಕುಲ ಫೆಲಿಡೆ ಎಂಬ ಬೆಕ್ಕಿನ ಕುಟುಂಬದೊಳಗೆ, ಆ ಕುಟುಂಬ ಕಾರ್ನಿವೋರಾ ಗಣದೊಳಗೆ, ಅದು ಸಸ್ತನಿಗಳ ವರ್ಗದೊಳಗೆ, ಅದೂ ಕಾರ್ಡೇಟಗಳ ಒಳಗೆ, ಕೊನೆಗೆ ಎಲ್ಲವೂ ಪ್ರಾಣಿಸಾಮ್ರಾಜ್ಯದೊಳಗೆ ಸೇರುತ್ತವೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1735ರಲ್ಲಿ ಪ್ರಕಟಿಸಿದ ಜೀವವರ್ಗೀಕರಣದಿಂದ ಬೆಳೆದುಬಂದ ಈ ಏರ್ಪಾಡನ್ನೂ ಇಂಗ್ಲಿಷ್ ಹೈರಾರ್ಕಿ ಎಂದೇ ಕರೆಯುತ್ತದೆ. ಇಲ್ಲಿ ಯಾರೂ ಯಾರಿಗೂ ಆದೇಶ ಕೊಡುವುದಿಲ್ಲ. ಸಸ್ತನಿವರ್ಗ ಹುಲಿಗಿಂತ ‘ಮೇಲೆ’ ಇದೆ ಎಂದರೆ ಅದು ಹುಲಿಗಿಂತ ಶ್ರೇಷ್ಠ ಎಂದಲ್ಲ, ಹೆಚ್ಚು ವ್ಯಾಪಕ ಎಂದಷ್ಟೇ. ಕಂಪ್ಯೂಟರಿನಲ್ಲಿ ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಫೈಲ್ ಇರುವುದೂ ಇದೇ ಬಗೆ. ಈ ಏರ್ಪಾಡಿನ ತುತ್ತತುದಿಯಲ್ಲಿರುವ ಫೋಲ್ಡರನ್ನು ಕಂಪ್ಯೂಟರ್ ಬಲ್ಲವರು ‘ರೂಟ್’, ಅಂದರೆ ಬೇರು, ಎನ್ನುತ್ತಾರೆ. ಬೇರು ಮೇಲೆ, ಕೊಂಬೆಗಳು ಕೆಳಗೆ ಎಂಬ ಈ ಕಲ್ಪನೆ ಊರ್ಧ್ವಮೂಲವೂ ಅಧಃಶಾಖೆಯೂ ಆದ ಅಶ್ವತ್ಥದ ಮಾತನ್ನು ಕೇಳಿದವರಿಗೆ ವಿಚಿತ್ರವೆನಿಸಲಾರದು.

ಮೂರನೆಯದು ಆದ್ಯತೆಯ ಸಂಬಂಧ. ಕಾರ್ಖಾನೆಗಳ ಸುರಕ್ಷತೆಯನ್ನು ಕುರಿತ ಬರಹಗಳಲ್ಲಿ ‘ಹೈರಾರ್ಕಿ ಆಫ್ ಕಂಟ್ರೋಲ್ಸ್’ ಎಂಬ ಮಾತು ಪದೇ ಪದೇ ಬರುತ್ತದೆ. ಕಿವಿಗಡಚಿಕ್ಕುವ ಸದ್ದು ಮಾಡುವ ಒಂದು ಯಂತ್ರ ಇದೆ ಎನ್ನೋಣ. ಆ ಯಂತ್ರ ಬೇಕಾಗುವ ಕೆಲಸವನ್ನೇ ಕೈಬಿಡಲು ಸಾಧ್ಯವೇ ಎಂದು ಮೊದಲು ನೋಡಬೇಕು. ಆಗದಿದ್ದರೆ ಕಡಿಮೆ ಸದ್ದಿನ ಯಂತ್ರವನ್ನು ತರಬೇಕು. ಅದೂ ಆಗದಿದ್ದರೆ ಯಂತ್ರದ ಸುತ್ತ ಸದ್ದು ತಡೆಯುವ ಆವರಣವನ್ನು ಕಟ್ಟಬೇಕು. ಆಮೇಲೆ, ಒಬ್ಬೊಬ್ಬರು ಅದರ ಬಳಿ ಇರುವ ಹೊತ್ತನ್ನು ಕಡಿಮೆ ಮಾಡುವಂತೆ ಪಾಳಿಗಳನ್ನು ಹೊಂದಿಸಬೇಕು. ಇವೆಲ್ಲ ಮುಗಿದ ಮೇಲೂ ಉಳಿಯುವ ಅಪಾಯಕ್ಕೆ ಕೊನೆಯದಾಗಿ ಕಿವಿಗೆ ಹಾಕುವ ಬಿರಡೆಗಳು. ಹಲವು ಕಡೆ ಬಿರಡೆಯಿಂದಲೇ ಆರಂಭಿಸಿ ಬಿರಡೆಯಲ್ಲೇ ಮುಗಿಸುತ್ತಾರೆ. ಆ ಅಭ್ಯಾಸವನ್ನು ತಡೆಯುವುದಕ್ಕೇ ಈ ಕ್ರಮವನ್ನು ಹೇಳಿರುವುದು. ತ್ಯಾಜ್ಯದ ವಿಷಯದಲ್ಲಿ ‘ವೇಸ್ಟ್ ಹೈರಾರ್ಕಿ’ ಎಂಬುದೂ ಹೀಗೆಯೇ. ತ್ಯಾಜ್ಯ ಹುಟ್ಟದಂತೆ ನೋಡುವುದು ಮೊದಲು, ಮರುಬಳಕೆ ಮತ್ತು ಮರುಸಂಸ್ಕರಣೆ ನಂತರ, ಎಲ್ಲೋ ಸುರಿಯುವುದು ಕಟ್ಟಕಡೆಗೆ. ವೈದ್ಯಕೀಯದಲ್ಲಿ ಸಾಕ್ಷ್ಯಗಳ ಹೈರಾರ್ಕಿ ಎಂದಾಗಲೂ, ಒಬ್ಬ ತಜ್ಞರ ಅಭಿಪ್ರಾಯಕ್ಕಿಂತ ಹಲವು ಪ್ರಯೋಗಗಳ ವ್ಯವಸ್ಥಿತ ಪರಿಶೀಲನೆಗೆ ಹೆಚ್ಚು ತೂಕ ಕೊಡಬೇಕು ಎಂಬ ಆದ್ಯತೆಯೇ ಅರ್ಥ.

ಈ ಮೂರರಲ್ಲಿ ಯಾವುದಕ್ಕೂ ಪೂರ್ತಿ ಸೇರದ ಬಳಕೆಗಳೂ ಉಂಟು. ಕಂಪ್ಯೂಟರಿನ ‘ಮೆಮೊರಿ ಹೈರಾರ್ಕಿ’ಯಲ್ಲಿ ಲೆಕ್ಕ ಮಾಡುವ ಪ್ರೊಸೆಸರಿನೊಳಗಿನ ರಿಜಿಸ್ಟರುಗಳೆಂಬ ಪುಟ್ಟ ಸಂಗ್ರಹಸ್ಥಾನಗಳು ಎಲ್ಲಕ್ಕಿಂತ ಮೇಲೆ, ನಂತರ ಪದೇ ಪದೇ ಬೇಕಾಗುವುದನ್ನು ಹತ್ತಿರ ಇಟ್ಟುಕೊಳ್ಳುವ ಕ್ಯಾಶೆ, ನಂತರ ಮುಖ್ಯ ಮೆಮೊರಿ, ಅದರ ಕೆಳಗೆ ಡಿಸ್ಕ್ ಬರುತ್ತವೆ. ಕೆಳಗಿಳಿದಂತೆ ಜಾಗ ಹೆಚ್ಚುತ್ತದೆ, ವೆಚ್ಚ ತಗ್ಗುತ್ತದೆ, ವೇಗ ಕುಂದುತ್ತದೆ. ಇಲ್ಲಿನ ‘ಮೇಲೆ’ ಎಂಬ ಮಾತು ಪ್ರೊಸೆಸರಿಗೆ ಇರುವ ಸಾಮೀಪ್ಯವನ್ನೂ ವೇಗವನ್ನೂ ಸೂಚಿಸುತ್ತದೆಯೇ ಹೊರತು ಅಧಿಕಾರವನ್ನಲ್ಲ.

ಅಧಿಕಾರದ ಅರ್ಥಕ್ಕೂ ಒಳಗೊಳ್ಳುವ ಅರ್ಥಕ್ಕೂ ಇರುವ ಅಂತರವನ್ನು ಅಮೆರಿಕದ ಸಮಾಜವಿಜ್ಞಾನಿ ಹರ್ಬರ್ಟ್ ಸೈಮನ್ 1962ರ ಒಂದು ಪ್ರಬಂಧದಲ್ಲಿ ಬಹಳ ಸ್ಪಷ್ಟವಾಗಿ ಗುರುತಿಸಿದರು. ಹೈರಾರ್ಕಿ ಎಂದೊಡನೆ ಜನ ಮೇಲಧಿಕಾರಿ ಮತ್ತು ಕೈಕೆಳಗಿನವರನ್ನು ನೆನೆಯುತ್ತಾರಾದರೂ, ತಾವು ಆ ಪದವನ್ನು ಅದಕ್ಕಿಂತ ವಿಶಾಲವಾಗಿ, ಉಪವ್ಯವಸ್ಥೆಗಳಿಂದಾದ ವ್ಯವಸ್ಥೆ ಎಂಬ ಅರ್ಥದಲ್ಲಿ ಬಳಸುತ್ತಿರುವುದಾಗಿ ಅವರು ಹೇಳಿದರು. ಅದನ್ನು ವಿವರಿಸಲು ಅವರು ಇಬ್ಬರು ಗಡಿಯಾರ ತಯಾರಕರ ಕಥೆಯನ್ನು ಕಟ್ಟಿದರು. ಇಬ್ಬರ ಗಡಿಯಾರಗಳಲ್ಲೂ ಸುಮಾರು 1000 ಬಿಡಿಭಾಗಗಳು. ಒಬ್ಬ ಎಲ್ಲವನ್ನೂ ಒಂದೇ ಸಮನೆ ಜೋಡಿಸುತ್ತ ಹೋಗುತ್ತಾನೆ. ನಡುವೆ ಫೋನ್ ಬಂದು ಕೈಯಲ್ಲಿದ್ದುದನ್ನು ಕೆಳಗಿಟ್ಟರೆ ಅದುವರೆಗೆ ಜೋಡಿಸಿದ್ದೆಲ್ಲ ಕಳಚಿ ಬೀಳುತ್ತದೆ. ಇನ್ನೊಬ್ಬ ಹತ್ತು ಹತ್ತು ಬಿಡಿಭಾಗಗಳ ಸಣ್ಣ ಜೋಡಣೆಗಳನ್ನು ಮಾಡಿಕೊಂಡು, ಅಂಥ ಹತ್ತನ್ನು ಸೇರಿಸಿ ದೊಡ್ಡ ಜೋಡಣೆ ಮಾಡಿ, ಆ ದೊಡ್ಡವುಗಳಲ್ಲಿ ಹತ್ತನ್ನು ಕೂಡಿಸಿ ಗಡಿಯಾರ ಮುಗಿಸುತ್ತಾನೆ. ಫೋನ್ ಬಂದರೆ ಅವನು ಕಳೆದುಕೊಳ್ಳುವುದು ಒಂದು ಸಣ್ಣ ಜೋಡಣೆಯನ್ನು ಮಾತ್ರ. ಜೀವಕೋಶ, ಅಂಗಾಂಶ, ಅಂಗ, ದೇಹ ಎಂಬ ಏರ್ಪಾಡನ್ನು ಹೈರಾರ್ಕಿ ಎಂದು ಕರೆಯುವುದು ಈ ಎರಡನೆಯವನ ರೀತಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಹೀಗಿರುವಲ್ಲಿ ‘ಶ್ರೇಣಿ ವ್ಯವಸ್ಥೆ’ ಎಂದು ಅನುವಾದಿಸಿದರೆ ಜೀವಕೋಶಗಳಿಗೆ ಬಡ್ತಿ ಸಿಗುತ್ತದೆಯೇನೋ ಎಂಬ ಭಾವನೆ ಬರುವುದು ಸಹಜ. ಅನುವಾದಕ್ಕೆ ಮುಂಚೆ ಆ ವಾಕ್ಯದಲ್ಲಿರುವುದು ಆಳುವ ಸಂಬಂಧವೋ, ಅಡಕವಾಗುವ ಸಂಬಂಧವೋ, ಮೊದಲು-ಆಮೇಲಿನ ಸಂಬಂಧವೋ ಎಂದು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ: ಈ ಪದ ‘ಹೈಯರ್’, ಅಂದರೆ ‘ಮೇಲಿನ’ ಎಂಬ ಇಂಗ್ಲಿಷ್ ಪದದಿಂದ ಬಂದದ್ದು ಎಂದು ನಮ್ಮ ಶಿಕ್ಷಕರೊಬ್ಬರು ಹೇಳಿದರು. ಇದು ಸರಿಯೇ?

ಉತ್ತರ: ಸರಿಯಲ್ಲ, ಆದರೆ ಹಾಗೆ ಅನ್ನಿಸಲು ಕಾರಣವಿದೆ. ಪದದ ಮೂಲ ಗ್ರೀಕ್. ‘ಹಿಯೆರೋಸ್’ ಎಂದರೆ ಪವಿತ್ರ. ‘ಆರ್ಖೆಯಿನ್’ ಎಂದರೆ ಮುಂದಾಳಾಗಿರು, ಆಳು. ಪವಿತ್ರ ವಿಧಿಗಳ ಮುಖ್ಯಸ್ಥನಿಗೆ, ಅಂದರೆ ಹಿರಿಯ ಪುರೋಹಿತನಿಗೆ, ಗ್ರೀಕರು ‘ಹಿಯೆರಾರ್ಖೇಸ್’ ಎನ್ನುತ್ತಿದ್ದರು. ಹಂತಹಂತದ ಏರ್ಪಾಡು ಎಂಬ ಅರ್ಥವನ್ನು ಆ ಪದಕ್ಕೆ ತಂದವರು ಕ್ರಿ.ಶ. 500ರ ಆಸುಪಾಸಿನಲ್ಲಿ ಗ್ರೀಕಿನಲ್ಲಿ ಬರೆದ ಒಬ್ಬ ಕ್ರೈಸ್ತ ಲೇಖಕರು. ತಮ್ಮ ನಿಜನಾಮವನ್ನು ಮರೆಸಿ, ಸಂತ ಪೌಲನಿಂದ ಮತಾಂತರಗೊಂಡ ಅಥೆನ್ಸಿನ ಡಯೊನೀಸಿಯಸ್ ಎಂಬಾತನ ಹೆಸರಿನಲ್ಲಿ ಬರೆದುದರಿಂದ ವಿದ್ವಾಂಸರು ಅವರನ್ನು ‘ಸ್ಯೂಡೊ-ಡಯೊನೀಸಿಯಸ್’, ಅಂದರೆ ಮಿಥ್ಯಾ-ಡಯೊನೀಸಿಯಸ್, ಎಂದು ಗುರುತಿಸುತ್ತಾರೆ. ಅವರ ಎರಡು ಗ್ರಂಥಗಳ ಹೆಸರಿನಲ್ಲೇ ಈ ಪದವಿದೆ: ಒಂದು ಸ್ವರ್ಗದ ಹೈರಾರ್ಕಿಯನ್ನು ಕುರಿತದ್ದು, ಇನ್ನೊಂದು ಚರ್ಚಿನ ಹೈರಾರ್ಕಿಯನ್ನು ಕುರಿತದ್ದು.

ಸ್ವರ್ಗದ ಹೈರಾರ್ಕಿ ಎಂದರೆ ದೇವದೂತರ ವರ್ಗಗಳು. ಅವರು ದೇವದೂತರನ್ನು ಒಂಬತ್ತು ವರ್ಗ ಮಾಡಿ, ಮೂರು ಮೂರರ ಮೂರು ತಂಡಗಳಲ್ಲಿ ನಿಲ್ಲಿಸಿದರು. ತುದಿಯ ತಂಡದಲ್ಲಿ ಸೆರಾಫಿಮ್, ಚೆರೂಬಿಮ್ ಮತ್ತು ಥ್ರೋನ್ಸ್ ಎಂಬ ಸಿಂಹಾಸನರು. ಕೊನೆಯ ತಂಡದಲ್ಲಿ ಪ್ರಿನ್ಸಿಪ್ಯಾಲಿಟೀಸ್, ಆರ್ಕೇಂಜೆಲ್ ಮತ್ತು ಎಲ್ಲರಿಗಿಂತ ಕೆಳಗೆ, ಮನುಷ್ಯರಿಗೆ ಎಲ್ಲರಿಗಿಂತ ಹತ್ತಿರವಾಗಿ, ಸಾಮಾನ್ಯ ಏಂಜೆಲ್‌ಗಳು. ನಾವು ನಿತ್ಯದ ಮಾತಿನಲ್ಲಿ ಅತಿಶಯಕ್ಕೆ ಬಳಸುವ ‘ಏಂಜೆಲ್’ ಆ ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನದಲ್ಲಿದೆ ಎಂಬುದು ಸ್ವಲ್ಪ ನಗು ತರಿಸುವ ಸಂಗತಿ. ಮುಖ್ಯವಾದದ್ದೇನೆಂದರೆ, ಆ ಲೇಖಕರ ಪಾಲಿಗೆ ಹೈರಾರ್ಕಿ ದಬ್ಬಾಳಿಕೆಯ ಏರ್ಪಾಡಾಗಿರಲಿಲ್ಲ. ದೈವಿಕ ಬೆಳಕು ಮೇಲಿನ ಹಂತದಿಂದ ಕೆಳಗಿನದಕ್ಕೆ ಹರಿದುಬರುವ, ಕೆಳಗಿನವರನ್ನು ಅವರವರ ಶಕ್ತಿಗೆ ತಕ್ಕಂತೆ ದೇವರ ಸಾದೃಶ್ಯದ ಕಡೆಗೆ ಎತ್ತುವ ದಾರಿ ಅದು.

ಇಂಗ್ಲಿಷಿಗೆ ಈ ಪದ ಲ್ಯಾಟಿನ್ ಮತ್ತು ಹಳೆಯ ಫ್ರೆಂಚಿನ ಮೂಲಕ 14ನೇ ಶತಮಾನದ ಕೊನೆಯ ವೇಳೆಗೆ ಬಂದಿತು. ಆಗ ಅದಕ್ಕೆ ಇದ್ದದ್ದು ದೇವದೂತರ ವರ್ಗವೆಂಬ ಅರ್ಥ. 17ನೇ ಶತಮಾನದ ಆರಂಭದಲ್ಲಿ ಪಾದ್ರಿಗಳ ದರ್ಜೆಗಳಿಗೂ, ಅಲ್ಲಿಂದ ಯಾವುದೇ ವ್ಯಕ್ತಿ-ವಸ್ತುಗಳ ದರ್ಜೆಗಳಿಗೂ ಅದು ಹರಡಿತು. ‘ಹೈಯರ್’ ಎಂಬ ಪದದೊಂದಿಗೆ ಇರುವ ಧ್ವನಿಸಾಮ್ಯ ಈ ಹೊಸ ಅರ್ಥಕ್ಕೆ ಇಂಬು ಕೊಟ್ಟಿರಬಹುದೆಂದು ನಿಘಂಟುಕಾರರು ಊಹಿಸುತ್ತಾರೆ. ತಮ್ಮ ಶಿಕ್ಷಕರ ಮಾತಿನಲ್ಲಿ ಅಷ್ಟರ ಮಟ್ಟಿಗೆ ಸತ್ಯದ ಅಂಶವಿದೆ.

ಈ ಪದದ ಬಂಧುಗಳನ್ನು ಗುರುತಿಸುವುದು ಕಷ್ಟವಲ್ಲ. ‘ಹಿಯೆರೋಸ್’ ಇರುವ ಇನ್ನೊಂದು ಪದ ಹೈರೋಗ್ಲಿಫ್, ಅಂದರೆ ಪವಿತ್ರ ಕೆತ್ತನೆ. ಈಜಿಪ್ಟಿನ ಚಿತ್ರಲಿಪಿಗೆ ಗ್ರೀಕರು ಕೊಟ್ಟ ಹೆಸರು. ‘ಆಳು’ ಎಂಬ ಭಾಗ ಮಾನರ್ಕಿ, ಅನಾರ್ಕಿ, ಪೇಟ್ರಿಯಾರ್ಕಿ, ಒಲಿಗಾರ್ಕಿಗಳಲ್ಲಿ ಇದೆ.

ಪ್ರಶ್ನೆ: ರ‍್ಯಾಂಕಿಂಗ್ ಮತ್ತು ಹೈರಾರ್ಕಿ ಒಂದೇ ಅಲ್ಲವೇ? ಪರೀಕ್ಷೆಯ ರ‍್ಯಾಂಕ್ ಪಟ್ಟಿಯನ್ನು ಹೈರಾರ್ಕಿ ಎನ್ನಬಹುದೇ?

ಉತ್ತರ: ಎನ್ನುವುದಿಲ್ಲ. ರ‍್ಯಾಂಕ್ ಪಟ್ಟಿ ಒಂದು ಅಳತೆಯ ಫಲ. ಮೊದಲ ರ‍್ಯಾಂಕ್ ಪಡೆದವರಿಗೂ ಹತ್ತನೆಯ ರ‍್ಯಾಂಕ್ ಪಡೆದವರಿಗೂ ಅಂಕಗಳ ಅಂತರವಿದೆಯೇ ವಿನಾ ಬೇರೆ ಸಂಬಂಧವಿಲ್ಲ. ಮುಂದಿನ ಪರೀಕ್ಷೆಯಲ್ಲಿ ಪಟ್ಟಿ ತಲೆಕೆಳಗಾಗಬಹುದು. ಹೈರಾರ್ಕಿಯಲ್ಲಿ ಹಂತ ಎಂಬುದು ಒಂದು ಸ್ಥಾನ. ಅದರಲ್ಲಿ ಇರುವವರು ಬದಲಾದರೂ ಸ್ಥಾನ ಉಳಿಯುತ್ತದೆ, ಒಂದೇ ಹಂತದಲ್ಲಿ ಹಲವರು ಇರಬಹುದು, ಮತ್ತು ಹಂತಗಳ ನಡುವೆ ಮೇಲೆ ಹೇಳಿದ ಸಂಬಂಧಗಳಲ್ಲಿ ಯಾವುದಾದರೊಂದು ಇರಲೇಬೇಕು. ಓಟದ ಸ್ಪರ್ಧೆಯ ಫಲಿತಾಂಶ ರ‍್ಯಾಂಕಿಂಗ್. ಆ ಸ್ಪರ್ಧೆಯನ್ನು ನಡೆಸುವ ಸಂಘದ ಪದಾಧಿಕಾರಿಗಳ ಏರ್ಪಾಡು ಹೈರಾರ್ಕಿ.

ಎರಡೂ ಬೆರೆತುಹೋಗುವ ಜಾಗ ಪ್ರಾಣಿಲೋಕ. ಇಂಗ್ಲಿಷಿನಲ್ಲಿ ಹೈರಾರ್ಕಿಗೆ ಆಡುಮಾತಿನ ಪರ್ಯಾಯವಾಗಿ ‘ಪೆಕಿಂಗ್ ಆರ್ಡರ್’ ಎಂಬ ಮಾತಿದೆ, ಅಂದರೆ ಕುಕ್ಕುವ ಸರದಿ. ನಾರ್ವೆಯ ಥೋರ್ಲೀಫ್ ಶೆಲ್ಡರಪ್-ಎಬ್ಬೆ ಎಂಬ ಪ್ರಾಣಿವಿಜ್ಞಾನಿ 1920ರ ದಶಕದ ಆರಂಭದಲ್ಲಿ ಕೋಳಿಗಳ ನಡವಳಿಕೆಯನ್ನು ವಿವರಿಸಿದಾಗ ಹುಟ್ಟಿದ ಜರ್ಮನ್ ಪದದ ಅನುವಾದ ಇದು. ಒಂದು ಹಿಂಡಿನಲ್ಲಿ ಯಾವ ಹೇಂಟೆ ಯಾವುದನ್ನು ಕುಕ್ಕಬಹುದು, ಯಾವುದಕ್ಕೆ ಕಾಳಿನ ಬಳಿ ದಾರಿ ಬಿಡಬೇಕು ಎಂಬುದು ಕೆಲವು ಜಗಳಗಳ ನಂತರ ನಿಗದಿಯಾಗುತ್ತದೆ. ಆಮೇಲೆ ಪ್ರತಿ ಸಲ ಕಾದಾಡುವ ಅಗತ್ಯ ಬೀಳುವುದಿಲ್ಲ. ಸ್ವಾರಸ್ಯವಿರುವುದು ಅಪವಾದದಲ್ಲಿ. ಮೊದಲನೆಯ ಕೋಳಿ ಎರಡನೆಯದನ್ನು ಕುಕ್ಕುತ್ತದೆ, ಎರಡನೆಯದು ಮೂರನೆಯದನ್ನು ಕುಕ್ಕುತ್ತದೆ, ಆ ಮೂರನೆಯದು ತಿರುಗಿ ಮೊದಲನೆಯದನ್ನೇ ಕುಕ್ಕುತ್ತದೆ! ಇಂಥ ತ್ರಿಕೋನಗಳನ್ನೂ ಅವರು ಕಂಡರು. ಅಲ್ಲಿ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡಲು ಬರುವುದಿಲ್ಲ. ಒಳಗೊಳ್ಳುವ ಹೈರಾರ್ಕಿಯಲ್ಲಿ ಇಂಥದು ತರ್ಕದ ಮಟ್ಟಿಗೇ ಅಸಾಧ್ಯ: ಕುಲ ಕುಟುಂಬದೊಳಗೆ, ಕುಟುಂಬ ಗಣದೊಳಗೆ ಇದ್ದ ಮೇಲೆ ಗಣ ತಿರುಗಿ ಕುಲದೊಳಗೆ ಹೋಗಲಾರದು.

ಪ್ರಶ್ನೆ: ಮನೋವಿಜ್ಞಾನದ ತರಗತಿಯಲ್ಲಿ ಮ್ಯಾಸ್ಲೊ ಅವರ ‘ಹೈರಾರ್ಕಿ ಆಫ್ ನೀಡ್ಸ್’ ಅನ್ನು ಪಿರಮಿಡ್ಡಿನ ಚಿತ್ರದೊಂದಿಗೆ ಕಲಿಸಿದರು. ಹೈರಾರ್ಕಿ ಎಂದರೆ ಪಿರಮಿಡ್ ಆಕಾರದಲ್ಲೇ ಇರಬೇಕೇ?

ಉತ್ತರ: ಬೇಕಿಲ್ಲ. ಆ ಚಿತ್ರ ಅಮೆರಿಕದ ಮನೋವಿಜ್ಞಾನಿ ಏಬ್ರಹಾಂ ಮ್ಯಾಸ್ಲೊ ಅವರ 1943ರ ಮೂಲ ಪ್ರಬಂಧದಲ್ಲಿ ಇಲ್ಲವೇ ಇಲ್ಲ. ಅದು ಆಮೇಲೆ ಸೇರಿಕೊಂಡದ್ದು. ದೈಹಿಕ ಅಗತ್ಯ, ಸುರಕ್ಷತೆ, ಪ್ರೀತಿ ಮತ್ತು ಬಾಂಧವ್ಯ, ಗೌರವ, ತನ್ನೊಳಗಿನ ಶಕ್ತಿಯ ಪೂರ್ಣ ವಿಕಾಸ ಎಂಬ ಐದು ಅಗತ್ಯಗಳನ್ನು ಮ್ಯಾಸ್ಲೊ ಹೇಳಿದರು. ಅವುಗಳಲ್ಲಿ ಯಾವುದು ಹೆಚ್ಚು ಒತ್ತಡದಿಂದ ಮೊದಲು ಮನುಷ್ಯನನ್ನು ಹಿಡಿಯುತ್ತದೆ ಎಂಬುದರ ಕ್ರಮವನ್ನು ಸೂಚಿಸಲು ಹೈರಾರ್ಕಿ ಎಂಬ ಪದವನ್ನು ಬಳಸಿದರು. ಎಂದರೆ ಇದು ಆದ್ಯತೆಯ ಹೈರಾರ್ಕಿ. ಚಿತ್ರದಲ್ಲಿ ತಳದಲ್ಲಿರುವ ಹಸಿವು ನಿದ್ರೆಗಳೇ ಮೊದಲು ಗೆಲ್ಲುವಂಥವು, ತುದಿಯಲ್ಲಿರುವುದು ಕೊನೆಯದು.

ಪಿರಮಿಡ್ ಚಿತ್ರ ಇನ್ನೊಂದು ತಪ್ಪು ತಿಳಿವಳಿಕೆಗೂ ದಾರಿ ಮಾಡಿದೆ. ಒಂದು ಮೆಟ್ಟಿಲು ಪೂರ್ತಿಯಾದ ಮೇಲೆಯೇ ಮುಂದಿನದು ಎಂದು ಅದನ್ನು ನೋಡಿದವರು ಭಾವಿಸುತ್ತಾರೆ. ಮ್ಯಾಸ್ಲೊ ಹೇಳಿದ್ದು ಹಾಗಲ್ಲ. ಸಾಮಾನ್ಯ ಮನುಷ್ಯನೊಬ್ಬನಿಗೆ ದೈಹಿಕ ಅಗತ್ಯಗಳು ಶೇ. 85, ಸುರಕ್ಷತೆ ಶೇ. 70, ಪ್ರೀತಿ ಶೇ. 50, ಆತ್ಮಗೌರವ ಶೇ. 40, ಆತ್ಮವಿಕಾಸ ಶೇ. 10 ಈಡೇರಿರಬಹುದು ಎಂದು, ಇವು ವಿವರಣೆಗಾಗಿ ಕೊಟ್ಟ ಕಾಲ್ಪನಿಕ ಸಂಖ್ಯೆಗಳೆಂಬ ಸೂಚನೆಯೊಂದಿಗೆ, ಅವರೇ ಬರೆದಿದ್ದಾರೆ. ಕೆಲವರಲ್ಲಿ ಈ ಕ್ರಮ ಅದಲುಬದಲಾಗುವುದನ್ನೂ ಒಪ್ಪಿದ್ದಾರೆ. ಮೇಲೆ ಒಬ್ಬರು, ಕೆಳಗೆ ಹಲವರು ಇರುವ ಸಂಸ್ಥೆಗಳಿಗೆ ಪಿರಮಿಡ್ ಸರಿಹೊಂದುತ್ತದೆ. ಒಂದೊಂದು ಹಂತದಲ್ಲೂ ಒಂದೊಂದೇ ಇರುವ ಕಡೆ ಏಣಿಯ ಚಿತ್ರ, ಕವಲೊಡೆಯುವ ಕಡೆ ಮರದ ಚಿತ್ರ, ಅಡಕವಾಗುವ ಕಡೆ ಒಂದರೊಳಗೊಂದಿರುವ ವೃತ್ತಗಳ ಚಿತ್ರ ಹೆಚ್ಚು ನಿಷ್ಠವಾಗಿರುತ್ತವೆ.

ಪ್ರಶ್ನೆ: ಇಂಗ್ಲಿಷ್ ಪತ್ರಿಕೆಗಳಲ್ಲಿ ‘ದಿ ಪಾರ್ಟಿ ಹೈರಾರ್ಕಿ ಹ್ಯಾಸ್ ಡಿಸೈಡೆಡ್’ ಎಂಬಂಥ ವಾಕ್ಯಗಳನ್ನು ನೋಡುತ್ತೇನೆ. ವ್ಯವಸ್ಥೆ ಹೇಗೆ ತೀರ್ಮಾನಿಸುತ್ತದೆ?

ಉತ್ತರ: ಅಲ್ಲಿ ಪದದ ಅರ್ಥ ಹೊರಳಿದೆ. ‘ದಿ’ ಎಂಬ ನಿರ್ದೇಶಕ ಪದದೊಂದಿಗೆ ಬಂದು, ಪಕ್ಷವೋ ಚರ್ಚೋ ಸಂಸ್ಥೆಯೋ ಅದರ ಬೆನ್ನಿಗಿದ್ದಾಗ, ಹೈರಾರ್ಕಿ ಎಂದರೆ ಆ ಸಂಸ್ಥೆಯ ಮೇಲುಹಂತದಲ್ಲಿರುವ ಜನರು. ಕನ್ನಡದಲ್ಲಿ ‘ಪಕ್ಷದ ವರಿಷ್ಠರು’, ‘ಚರ್ಚಿನ ಉನ್ನತ ಧರ್ಮಾಧಿಕಾರಿಗಳು’ ಎಂದರೆ ಅರ್ಥ ಚೊಕ್ಕವಾಗಿ ಬರುತ್ತದೆ. ‘ಪಕ್ಷದ ಶ್ರೇಣಿ ವ್ಯವಸ್ಥೆ ತೀರ್ಮಾನಿಸಿದೆ’ ಎಂದು ಬರೆಯುವುದು ಸಲ್ಲದು. ‘ಹೈ ಇನ್ ದಿ ಹೈರಾರ್ಕಿ’, ‘ಅಪ್ ದಿ ಹೈರಾರ್ಕಿ’ ಎಂಬ ಬಳಕೆಗಳಲ್ಲಿ ಮಾತ್ರ ಅದು ಮತ್ತೆ ಏಣಿಯೇ ಆಗುತ್ತದೆ. ಅವನ್ನು ‘ಮೇಲಿನ ಹುದ್ದೆಯಲ್ಲಿರುವ’, ‘ಬಡ್ತಿ ಪಡೆಯುತ್ತಾ’ ಎಂದು ಸಂದರ್ಭ ನೋಡಿ ಹೇಳಬಹುದು.

ಪ್ರಶ್ನೆ: ಶ್ರೇಣಿ, ಶ್ರೇಣೀಕರಣ, ಏಣಿಶ್ರೇಣಿ, ತರತಮ, ತಾರತಮ್ಯ, ಮೇಲುಕೀಳು: ಇವುಗಳಲ್ಲಿ ಹೈರಾರ್ಕಿಗೆ ಸಮನಾದ ಕನ್ನಡ ಪದ ಯಾವುದು? ಈ ಇಂಗ್ಲಿಷ್ ಪದಕ್ಕೆ ಯಾವಾಗಲೂ ಅಸಮಾನತೆಯ ಛಾಯೆ ಇರುತ್ತದೆಯೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದು ಅನುಕೂಲ. ಇಂಗ್ಲಿಷಿನಲ್ಲಿ ಪದ ತಾನಾಗಿ ತಟಸ್ಥ. ಜೀವವಿಜ್ಞಾನಿ, ಕಂಪ್ಯೂಟರ್ ತಜ್ಞ, ವ್ಯಾಕರಣಕಾರ ಇವರ ಬಾಯಲ್ಲಿ ಅದಕ್ಕೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಸಮಾಜವನ್ನು ಕುರಿತ ಬರಹದಲ್ಲಿ ಮಾತ್ರ ಅದು ಬಹುಮಟ್ಟಿಗೆ ಟೀಕೆಯ ಪದ. ಈ ಎರಡು ಸ್ವರಗಳನ್ನು ಒಂದೇ ಕನ್ನಡ ಪದ ಹೊರಲಾರದು ಎಂಬುದು ನಮ್ಮ ಅಭಿಪ್ರಾಯ.

‘ಶ್ರೇಣಿ’ ಎಂದರೆ ಮೂಲದಲ್ಲಿ ಸಾಲು ಮಾತ್ರ. ಪರ್ವತಶ್ರೇಣಿಯಲ್ಲಿ ಯಾವ ಬೆಟ್ಟವೂ ಇನ್ನೊಂದರ ಅಧೀನವಲ್ಲ. ‘ಪ್ರಥಮ ಶ್ರೇಣಿ’ಯಂಥ ಬಳಕೆಯ ಮೂಲಕ ದರ್ಜೆಯ ಅರ್ಥ ಅದಕ್ಕೆ ಅಂಟಿದೆಯಾದರೂ, ಒಂಟಿಯಾಗಿ ಬಂದರೆ ಸಂದಿಗ್ಧ ಉಳಿಯುತ್ತದೆ. ಆದ್ದರಿಂದ ಹುದ್ದೆಗಳ ವಿಷಯದಲ್ಲಿ ‘ಅಧಿಕಾರ ಶ್ರೇಣಿ’ ಎಂದು ಬಿಡಿಸಿ ಹೇಳುವುದು ಲೇಸು. ಸಮಾಜದ ಮೇಲುಕೀಳುಗಳನ್ನು ಹೇಳುವಾಗ ‘ಏಣಿಶ್ರೇಣಿ’ ಚೆನ್ನಾಗಿ ಒಪ್ಪುತ್ತದೆ. ಅದರಲ್ಲಿ ಸಾಲೂ ಇದೆ, ಮೆಟ್ಟಿಲೂ ಇದೆ. ಜಾತಿ ಪದ್ಧತಿಯನ್ನು ಕುರಿತು ಅಂಬೇಡ್ಕರ್ ಬಳಸಿದ ‘ಗ್ರೇಡೆಡ್ ಇನಿಕ್ವಾಲಿಟಿ’ ಎಂಬ ಮಾತಿಗೆ ‘ಶ್ರೇಣೀಕೃತ ಅಸಮಾನತೆ’ ಎಂಬುದು ಕನ್ನಡದಲ್ಲಿ ನೆಲೆಗೊಂಡಿದೆ. ಅಲ್ಲಿ ಅಸಮಾನತೆ ಎಂಬುದನ್ನು ಬೇರೆಯಾಗಿ ಹೇಳಿರುವುದರಿಂದ ‘ಶ್ರೇಣೀಕೃತ’ ತಟಸ್ಥವಾಗಿಯೇ ಉಳಿದಿದೆ ಎಂಬುದನ್ನು ಗಮನಿಸಿ.

‘ತಾರತಮ್ಯ’ದ ಕಥೆ ಇದಕ್ಕಿಂತ ಸ್ವಾರಸ್ಯಕರ. ಸಂಸ್ಕೃತದಲ್ಲಿ ‘ತರ’ ಎಂಬುದು ಎರಡರಲ್ಲಿ ಹೆಚ್ಚಿನದನ್ನೂ ‘ತಮ’ ಎಂಬುದು ಎಲ್ಲದರಲ್ಲಿ ಹೆಚ್ಚಿನದನ್ನೂ ಸೂಚಿಸುವ ಪ್ರತ್ಯಯಗಳು: ಉಚ್ಚತರ, ಉಚ್ಚತಮ. ಎರಡು ಪ್ರತ್ಯಯಗಳನ್ನೇ ಸೇರಿಸಿ ‘ತರತಮ’ ಎಂದು, ಅದರ ಭಾವವೇ ‘ತಾರತಮ್ಯ’ ಎಂದು ಪದವಾಗಿದೆ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರ ದ್ವೈತ ದರ್ಶನದಲ್ಲಿ ಇದು ಪಾರಿಭಾಷಿಕ ಪದ. ದೇವತೆಗಳಲ್ಲಿಯೂ ಜೀವರಲ್ಲಿಯೂ ಸ್ವಭಾವಸಿದ್ಧವಾದ ಹಂತಗಳಿವೆ ಎಂಬ ಸಿದ್ಧಾಂತಕ್ಕೆ ಅಲ್ಲಿ ತಾರತಮ್ಯ ಎಂದು ಹೆಸರು. ಮಿಥ್ಯಾ-ಡಯೊನೀಸಿಯಸ್ಸರ ‘ಹಿಯೆರಾರ್ಖಿಯಾ’ಕ್ಕೆ ಇಷ್ಟು ಹತ್ತಿರದ ಪದ ನಮ್ಮ ನುಡಿಯಲ್ಲಿ ಇನ್ನೊಂದಿಲ್ಲ. ಆದರೆ ಇಂದಿನ ಕನ್ನಡದಲ್ಲಿ ತಾರತಮ್ಯ ಎಂದರೆ ಪಕ್ಷಪಾತ, ಭೇದಭಾವ; ‘ಲಿಂಗ ತಾರತಮ್ಯ’ ಎಂಬಲ್ಲಿ ಅದು ಇಂಗ್ಲಿಷಿನ ‘ಡಿಸ್ಕ್ರಿಮಿನೇಷನ್’. ‘ಕಂಪ್ಯೂಟರ್ ಮೆಮೊರಿಯ ತಾರತಮ್ಯ’ ಎಂದು ಬರೆದರೆ ಓದುಗರು ಕಂಗಾಲಾಗುತ್ತಾರೆ. ‘ತರತಮ’ ಎಂಬ ಚಿಕ್ಕ ರೂಪ ಮಾತ್ರ ಇನ್ನೂ ಕೆಡದೆ ಉಳಿದಿದೆ.

ನಮ್ಮ ಸಲಹೆ ಇಷ್ಟು. ಆಳುವ ಸಂಬಂಧವಿದ್ದರೆ ‘ಅಧಿಕಾರ ಶ್ರೇಣಿ’, ಅಡಕವಾಗುವ ಸಂಬಂಧವಿದ್ದರೆ ‘ಹಂತಹಂತದ ವರ್ಗೀಕರಣ’ ಅಥವಾ ‘ಒಳಹಂತಗಳ ರಚನೆ’, ಮೊದಲು-ಆಮೇಲಿನ ಸಂಬಂಧವಿದ್ದರೆ ‘ಆದ್ಯತಾಕ್ರಮ’, ಸಮಾಜದ ಟೀಕೆಯಾದರೆ ‘ಏಣಿಶ್ರೇಣಿ’ ಅಥವಾ ನೇರವಾಗಿ ‘ಮೇಲುಕೀಳು’. ಇವುಗಳಲ್ಲಿ ಯಾವುದೂ ಒಗ್ಗದ ತಾಂತ್ರಿಕ ಪಠ್ಯದಲ್ಲಿ ಹೈರಾರ್ಕಿ ಎಂದೇ ಬರೆದು, ಮೊದಲ ಸಲ ಬಂದಾಗ ಒಂದು ಸಾಲಿನಲ್ಲಿ ವಿವರಿಸುವುದರಿಂದ ಭಾಷೆಗೆ ಯಾವ ಕುಂದೂ ಬರುವುದಿಲ್ಲ.

ಪ್ರಶ್ನೆ: ಸೇನೆಯಲ್ಲಿ ಮೇಜರ್ ಹುದ್ದೆ ಲೆಫ್ಟಿನೆಂಟ್ ಹುದ್ದೆಗಿಂತ ದೊಡ್ಡದು. ಹಾಗಾದರೆ ಮೇಜರ್ ಜನರಲ್‌ಗಿಂತ ಲೆಫ್ಟಿನೆಂಟ್ ಜನರಲ್ ಮೇಲಿನವರು ಹೇಗಾದರು? ಹೈರಾರ್ಕಿ ಇಲ್ಲಿ ತಲೆಕೆಳಗಾಗಿಲ್ಲವೇ?

ಉತ್ತರ: ತಲೆಕೆಳಗಾದದ್ದು ಹೆಸರು, ಹೈರಾರ್ಕಿಯಲ್ಲ. ‘ಲೆಫ್ಟಿನೆಂಟ್’ ಎಂಬುದು ಫ್ರೆಂಚ್ ಮೂಲದ ಪದ, ಒಬ್ಬರ ಸ್ಥಾನವನ್ನು ಅವರ ಬದಲಿಗೆ ಹಿಡಿಯುವವರು ಎಂದರ್ಥ. ಆದ್ದರಿಂದ ಲೆಫ್ಟಿನೆಂಟ್ ಜನರಲ್ ಎಂದರೆ ಜನರಲ್‌ಗೆ ನೇರ ಬದಲಿ, ಅವರ ಮರುಹಂತ. ಮೇಜರ್ ಜನರಲ್ ಹುದ್ದೆಯ ಹಳೆಯ ಹೆಸರು ‘ಸಾರ್ಜೆಂಟ್ ಮೇಜರ್ ಜನರಲ್’. ಕಾಲಕ್ರಮದಲ್ಲಿ ‘ಸಾರ್ಜೆಂಟ್’ ಎಂಬ ಮೊದಲ ಭಾಗ ಬಿದ್ದುಹೋಗಿ ‘ಮೇಜರ್ ಜನರಲ್’ ಉಳಿಯಿತು. ಸಾರ್ಜೆಂಟ್ ಎಂಬುದು ಲೆಫ್ಟಿನೆಂಟ್‌ಗಿಂತ ಕೆಳಗಿನ ದರ್ಜೆಯಾದ್ದರಿಂದ, ಅದನ್ನು ಸೇರಿಸಿ ಓದಿದರೆ ಕ್ರಮ ತಾನಾಗಿ ಸರಿಹೋಗುತ್ತದೆ. ಹೆಸರುಗಳನ್ನು ನೋಡಿ ಹಂತವನ್ನು ಊಹಿಸುವುದು ಸೇನೆಯಲ್ಲಷ್ಟೇ ಅಲ್ಲ, ಕಂಪನಿಗಳಲ್ಲೂ ಅಪಾಯದ ಕೆಲಸ. ‘ವೈಸ್ ಪ್ರೆಸಿಡೆಂಟ್’ ಎಂಬ ಬಿರುದು ಕೆಲವು ಕಡೆ ಅಧ್ಯಕ್ಷರ ಮರುಹಂತ, ಕೆಲವು ಕಡೆ ಅದನ್ನು ಹೊತ್ತವರು ನೂರಾರು ಮಂದಿ.

ಪ್ರಶ್ನೆ: ಹೈರಾರ್ಕಿಗೆ ವಿರುದ್ಧ ಪದ ಅನಾರ್ಕಿಯೇ?

ಉತ್ತರ: ಅಲ್ಲ. ಅನಾರ್ಕಿ ಎಂದರೆ ಆಳ್ವಿಕೆಯ ಅಭಾವ; ಹೈರಾರ್ಕಿ ಇಲ್ಲದಿದ್ದರೂ ಸುವ್ಯವಸ್ಥೆ ಇರಬಹುದು. ಎಲ್ಲರೂ ಸಮಾನ ಹಂತದಲ್ಲಿರುವ ಏರ್ಪಾಡನ್ನು ಇಂಗ್ಲಿಷಿನಲ್ಲಿ ಸರಳವಾಗಿ ‘ಫ್ಲ್ಯಾಟ್’ ಎನ್ನುತ್ತಾರೆ. ಸಂದರ್ಭಕ್ಕೆ ತಕ್ಕಂತೆ ಮೇಲು-ಕೆಳಗು ಬದಲಾಗುತ್ತಿರುವ ಏರ್ಪಾಡಿಗೆ, ಕೋಳಿಗಳ ಆ ತ್ರಿಕೋನದಂಥದಕ್ಕೆ, ‘ಹೆಟೆರಾರ್ಕಿ’ ಎಂಬ ಪದವನ್ನು ಅಮೆರಿಕದ ನರವಿಜ್ಞಾನಿ ವಾರನ್ ಮೆಕಲಕ್ 1945ರಲ್ಲಿ ಬಳಕೆಗೆ ತಂದರು. ಅದು ವಿದ್ವತ್ ಬರಹಗಳ ಆಚೆ ಅಷ್ಟಾಗಿ ಬಂದಿಲ್ಲ.

ಪ್ರಶ್ನೆ: ಪದದ ಉಚ್ಚಾರಣೆ, ಕಾಗುಣಿತ ಮತ್ತು ವಿಶೇಷಣ ರೂಪವನ್ನು ತಿಳಿಸಿ.

ಉತ್ತರ: ಎಚ್, ಐ, ಇ, ಆರ್, ಎ, ಆರ್, ಸಿ, ಎಚ್, ವೈ ಎಂಬುದು ಸರಿಯಾದ ಕಾಗುಣಿತ. ‘ಐ’ ಮತ್ತು ‘ಇ’ ಅಕ್ಷರಗಳನ್ನು ಹಿಂದುಮುಂದು ಮಾಡುವುದು ಇಂಗ್ಲಿಷ್ ಮಾತೃಭಾಷೆಯವರಲ್ಲೂ ಸಾಮಾನ್ಯವಾದ ತಪ್ಪು. ಹೈರೋಗ್ಲಿಫ್ ಪದವನ್ನು ನೆನೆದುಕೊಂಡರೆ ಇದರ ಕಾಗುಣಿತವೂ ತಪ್ಪುವುದಿಲ್ಲ. ಕೊನೆಯ ‘ಸಿಎಚ್’ ಅನ್ನು ‘ಮಾನರ್ಕಿ’ಯಲ್ಲಿರುವಂತೆ ‘ಕ’ ಎಂದು ಹೇಳಬೇಕು, ‘ಚ’ ಎಂದಲ್ಲ. ಒತ್ತು ಮೊದಲಿನ ‘ಹೈ’ ಮೇಲೆ ಬೀಳುತ್ತದೆ. ಕನ್ನಡದಲ್ಲಿ ‘ಹೈಯರಾರ್ಕಿ’ ಎಂದು ಬರೆಯುವವರೂ ಇದ್ದಾರೆ. ಎರಡೂ ನಡೆಯುತ್ತವೆ, ಒಂದು ಬರಹದಲ್ಲಿ ಒಂದೇ ರೂಪ ಇದ್ದರೆ ಸಾಕು. ವಿಶೇಷಣಕ್ಕೆ ‘ಹೈರಾರ್ಕಿಕಲ್’, ಕ್ರಿಯಾವಿಶೇಷಣಕ್ಕೆ ‘ಹೈರಾರ್ಕಿಕಲಿ’. ವಿಶೇಷಣದಲ್ಲಿ ಒತ್ತು ‘ಹೈ’ಯಿಂದ ಜಾರಿ ‘ರಾರ್’ ಮೇಲೆ ಹೋಗುತ್ತದೆ. ‘ಹೈರಾರ್ಕಲ್’ ಎಂಬ ಮೊಟಕು ರೂಪ ಕೆಲವು ನಿಘಂಟುಗಳಲ್ಲಿದ್ದರೂ ಪರೀಕ್ಷೆಯಲ್ಲಿ ಬರೆಯದಿರುವುದು ಕ್ಷೇಮ.